ಇಷ್ಟು ಓದಿ ಇದ್ದಿಲು ಸುಡೋದಾ?

ಶಿರಸಿ ಕಡೆ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ ಯಾರಾದರೂ ಕೇಳುತ್ತಾರೆ: "ಎಂತಾ ತಮಾ, ಇಷ್ಟೆಲ್ಲ ಓದಿ ಕಡಿಗೆ ಇದ್ಲು ಸುಡದಾ?"

ಸುಳ್ಳೇನಲ್ಲ. ನಾನು ಕೆಮಿಸ್ಟ್. ತೆಂಗಿನ ಗೆರಟೆ, ಅಡಿಕೆ ಸಿಪ್ಪೆ ಇಂಥವನ್ನು ಸುಟ್ಟು ಇಂಗಾಲ ಮಾಡಿ, ಅದರಿಂದ ನೀರಿನ ಕೊಳೆ ತೆಗೆಯೋದು ನನ್ನ ಕೆಲಸ. ಬಚ್ಚಲ ಒಲೆಯಲ್ಲಿ ದಿನಾ ಆಗೋ ಇದ್ದಿಲಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ತಪ್ಪಿಲ್ಲ, ಅಲ್ವಾ?

ವ್ಯತ್ಯಾಸ ಇರೋದು ತೂತುಗಳಲ್ಲಿ. ಒಲೆಯ ಇದ್ದಿಲಿನಲ್ಲೂ ತೂತುಗಳಿವೆ, ಆದರೆ ಅರೆಬೆಂದ ಜಿಗುಟು ಪದಾರ್ಥ ಕೂತು ಬಹಳಷ್ಟು ಮುಚ್ಚಿಹೋಗಿರುತ್ತವೆ. ಅದೇ ಗೆರಟೆಯನ್ನು ಗಾಳಿ ತಾಗದ ಹಾಗೆ ಸುಟ್ಟು, ಆಮೇಲೆ 800ರಿಂದ 1000 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದರೆ, ಹಬೆ ಇಂಗಾಲವನ್ನು ಚೂರು ಚೂರೇ ತಿನ್ನುತ್ತಾ ಒಳಗೆಲ್ಲ ದಾರಿ ಮಾಡಿಕೊಂಡು ಹೋಗುತ್ತದೆ. ಹೀಗೆ ತಯಾರಾದ ಒಂದೇ ಗ್ರಾಂ ಪುಡಿಯ ಒಳಮೈ ಸುಮಾರು 1000 ಚದರ ಮೀಟರ್. ಹತ್ತು ಗುಂಟೆ ತೋಟದಷ್ಟು! ಕೊಳೆ ಹೋಗಿ ಅಂಟಿಕೊಳ್ಳೋದು ಅಲ್ಲಿ.

ನಾನು ಸಂಶೋಧನೆಗೆ ಸೇರಿದ ಕಾಲಕ್ಕೆ ಎಲ್ಲೆಡೆ ಗ್ರಾಫೀನ್ ಹುಚ್ಚು, ಅಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯದ್ದು. 2010ರಲ್ಲಿ ಗೈಮ್ ಮತ್ತು ನೊವೊಸೆಲೊವ್ ಅನ್ನೋ ವಿಜ್ಞಾನಿಗಳಿಗೆ ಅದಕ್ಕೇ ನೊಬೆಲ್ ಬಂದಿತ್ತು. ನಾನೂ ಗ್ರಾಫೀನ್ ಆಕ್ಸೈಡ್ ಮಾಡಿದೆ. 1958ರ ಹಮ್ಮರ್ಸ್ ವಿಧಾನ ಅಂತ ಒಂದಿದೆ: ಗ್ರಾಫೈಟಿಗೆ ಸಲ್ಫ್ಯೂರಿಕ್ ಆಸಿಡ್, ಪರ್ಮಾಂಗನೇಟ್ ಹಾಕಿ, ಆಮೇಲೆ ಆ ಆಸಿಡ್ ಹೋಗೋವರೆಗೂ ತೊಳೀತಾ ಕೂರಬೇಕು. ನೀರು ಶುದ್ಧ ಮಾಡೋ ವಸ್ತುವಿಗೆ ಇಷ್ಟು ನೀರು ಹಾಳಾ ಅನ್ನಿಸಿತು. ಗೆರಟೆ ಕಡೆ ತಿರುಗಿದ್ದು ಆಗ.

ಕಾರವಾರದ ಕಡೆಯವರ ಪ್ರಶ್ನೆ ಬೇರೆ. "ಬೇಸಿಗೆಯಲ್ಲಿ ನಮ್ಮ ಬಾವಿ ಉಪ್ಪಾಗುತ್ತೆ, ನಿಮ್ಮ ಇದ್ದಿಲು ಹಾಕಿದ್ರೆ ಆಗ್ತದಾ?" ಆಗೋದಿಲ್ಲ. ಇದ್ದಿಲಿಗೆ ಹಿಡಿಸೋದು ಬಣ್ಣ, ವಾಸನೆ, ಕ್ಲೋರಿನ್, ಕೆಲವು ಕೀಟನಾಶಕ ಇಂಥವು. ಉಪ್ಪು ನೀರಿನ ಜೊತೆಗೇ ಚೆನ್ನಾಗಿದೆ, ಬಿಟ್ಟು ಬರೋದಿಲ್ಲ. ಆದರೆ ಇಲ್ಲೇ ವಿಷಯಕ್ಕೆ ರುಚಿ ಬರೋದು. ಅದೇ ಇಂಗಾಲದಿಂದ ಎರಡು ತಗಡು ಮಾಡಿ, ನಡುವೆ ನೀರು ಹರಿಸಿ, ಒಂದು ವೋಲ್ಟ್ ಆಸುಪಾಸಿನ ಕರೆಂಟ್ ಕೊಟ್ಟರೆ, ಸೋಡಿಯಂ ಒಂದು ಕಡೆಗೆ, ಕ್ಲೋರೈಡ್ ಇನ್ನೊಂದು ಕಡೆಗೆ ಹೋಗಿ ಕೂರುತ್ತವೆ. ಕರೆಂಟ್ ತೆಗೆದರೆ ಅಥವಾ ತಿರುಗಿಸಿ ಕೊಟ್ಟರೆ ಮತ್ತೆ ಹೊರಗೆ ಬರುತ್ತವೆ, ತಗಡು ಮುಂದಿನ ಸರದಿಗೆ ತಯಾರು. ಸಮುದ್ರದ ನೀರಿಗೆ ಇದು ದುಬಾರಿಯಾಗುತ್ತದೆ. ಸವುಳು ಬಾವಿಗೆ ಆಸೆ ಇಟ್ಟುಕೊಳ್ಳಬಹುದು.

ಅಡಿಕೆ ಸಿಪ್ಪೆ? ರಸ್ತೆ ಬದಿ ರಾಶಿ ಬಿದ್ದಿರೋದನ್ನು ನೋಡಿ ಎಲ್ಲರಿಗೂ ಅದೇ ಯೋಚನೆ. ಅದರಿಂದಲೂ ಒಳ್ಳೆ ಇಂಗಾಲ ಆಗುತ್ತದೆ, ಆದರೆ ನಾರು ನಾರು, ಬೇಗ ಪುಡಿಯಾಗುತ್ತದೆ, ಕೊಳವೆಯಲ್ಲಿ ತುಂಬಿಸಿದರೆ ನೀರೇ ಇಳಿಯೋದಿಲ್ಲ. ಗೆರಟೆ ಗಟ್ಟಿ, ಹಾಗಾಗಿ ಫಿಲ್ಟರ್ ಕಂಪನಿಗಳಿಗೆ ಅದೇ ಬೇಕು.

ನನ್ನ ತಕರಾರು ನಮ್ಮ ಸಂಶೋಧಕರ ಮೇಲೇ ಇದೆ. ಹೊಸ ಇಂಗಾಲ ಮಾಡೋದು, ಡಿಸ್ಟಿಲ್ಡ್ ವಾಟರಿಗೆ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಕಲಸೋದು, ನೀಲಿ ಹೋಯ್ತು ಅಂತ ಪೇಪರ್ ಬರೆಯೋದು. ಇಂಥವು ಲೆಕ್ಕವಿಲ್ಲದಷ್ಟಿವೆ. ನಿಜವಾದ ಹೊಳೆ ನೀರಿನಲ್ಲಿ ಎಲೆ ಕೊಳೆತ ರಸವೂ ಇರುತ್ತದೆ, ಅದೇ ಮೊದಲು ಹೋಗಿ ತೂತು ತುಂಬಿಬಿಡುತ್ತದೆ. ತುಂಬಿದ ಮೇಲೆ ಏನು ಅಂತ ಕೇಳೋರು ಕಡಿಮೆ. ಅಂಟಿದ್ದು ಬಣ್ಣವಾದರೆ ಮತ್ತೆ ಕಾಯಿಸಿ ಸುಡಬಹುದು. ಸೀಸದಂಥ ಲೋಹ ಅಂಟಿದ್ದರೆ ಅದು ಸುಟ್ಟು ಹೋಗೋ ವಸ್ತುವಲ್ಲ, ಆಸಿಡ್ಡಿನಲ್ಲಿ ತೊಳೆಯಬೇಕು, ಆಗ ಆ ಆಸಿಡ್ ಎಲ್ಲಿ ಚೆಲ್ಲೋದು? ಸದ್ಯಕ್ಕೆ ನಾನು ತಲೆ ಕೆಡಿಸಿಕೊಂಡಿರೋದು ಜಾಸ್ತಿ ಇದರ ಮೇಲೇ, ಇದ್ದಿಲು ಸುಡೋದರ ಮೇಲಲ್ಲ.