ಬೈಕಿಗೆ ಕಾರ್ ಟೈರ್ ಹಾಕಿಸಬಹುದಾ?

"ಅಣ್ಣಾ, ಅವೆಂಜರ್‌ಗೆ ಹಿಂದ ಕಾರ್ ಟೈರ್ ಹಾಕಿಸಿದ್ರ ಹೆಂಗ?"

ಬಳ್ಳಾರಿಯಲ್ಲಿ ಟೈರ್ ಅಂಗಡಿ ನಡೆಸುವ ನನಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆ ದಿನಾ ಓಡಾಡುವ ಹುಡುಗರು. ಅಮೆರಿಕದಲ್ಲಿ ಯಾರೋ ಹಾಗೆ ಓಡಿಸುವ ವಿಡಿಯೊ ನೋಡಿರುತ್ತಾರೆ. ಕಾರಿನಿಂದ ಬಿಚ್ಚಿದ ಹಳೆ ಟೈರ್ ಅಗ್ಗಕ್ಕೆ ಸಿಗುತ್ತದೆ ಅಂತಲೂ ಗೊತ್ತಿರುತ್ತದೆ. ನನ್ನ ಉತ್ತರ ಒಂದೇ: ಬೇಡ. ನಾನು ಎರಡೂ ಥರದ ಟೈರ್ ಮಾರುತ್ತೇನೆ. ಯಾವುದು ಹೋದರೂ ನನಗೆ ವ್ಯಾಪಾರವೇ. ಹಾಗಾಗಿ ಇದು ಲಾಭದ ಮಾತಲ್ಲ.

ಈ ಯೋಚನೆ ಯಾಕೆ ಬರುತ್ತದೆ ಅನ್ನುವುದು ನನಗೆ ಅರ್ಥವಾಗುತ್ತದೆ. ಪಲ್ಸರ್, ಬುಲೆಟ್ ಥರದ ಬೈಕುಗಳ ಹಿಂದಿನ ಚಕ್ರ 17 ಅಥವಾ 18 ಇಂಚು. ಆ ಅಳತೆಯ ಕಾರ್ ಟೈರುಗಳು ತೀರಾ ಅಗಲ, ಒಳಗೆ ಹೋಗುವುದೇ ಇಲ್ಲ. ಅವೆಂಜರ್ ಕಥೆ ಬೇರೆ. ಅದರ ಹಿಂದಿನ ಟೈರ್ 130/90-15, ಅಂದರೆ ಅಗಲ 130 ಮಿ.ಮೀ., ಪಕ್ಕದ ಎತ್ತರ ಆ ಅಗಲದ ನೂರಕ್ಕೆ 90 ಪಾಲು, ರಿಮ್ 15 ಇಂಚು. 15 ಇಂಚಿನ ಕಾರ್ ಟೈರ್ ಊರಿನ ಎಲ್ಲಾ ಅಂಗಡಿಯಲ್ಲೂ ಇರುತ್ತದೆ. ಲೆಕ್ಕ ಹಾಕಿ ನೋಡಿ: 130/90-15ರ ಒಟ್ಟು ಎತ್ತರ 615 ಮಿ.ಮೀ., ಕಾರಿನ 175/65 ಆರ್ 15ರ ಎತ್ತರ ಸುಮಾರು 608 ಮಿ.ಮೀ. ಹೆಚ್ಚುಕಮ್ಮಿ ಒಂದೇ. ಪಕ್ಕದಲ್ಲಿ ನಿಲ್ಲಿಸಿದರೆ "ಸರಿ ಹೋಗುತ್ತದಲ್ಲ" ಅನ್ನಿಸುವುದು ಸಹಜ.

ಎತ್ತರ ಸರಿ ಬಂದರೂ ಅಗಲ ಬರುವುದಿಲ್ಲ. 175/65 ಆರ್ 15 ಟೈರಿಗೆ ಕನಿಷ್ಠ 5 ಇಂಚು ಅಗಲದ ರಿಮ್ ಬೇಕು. ಅವೆಂಜರ್ ರಿಮ್ ಮೂರು ಇಂಚಿನ ಆಸುಪಾಸು. ಅಷ್ಟು ಕಿರಿದಾದ ರಿಮ್ಮಿಗೆ ತುರುಕಿದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಎರಡೂ ಕಡೆ ಉಬ್ಬಿ ನಿಲ್ಲುತ್ತದೆ. ಒಂದು ಕಡೆ ಚೈನ್, ಇನ್ನೊಂದು ಕಡೆ ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್. ಖಾಲಿ ಗಾಡಿಯಲ್ಲಿ ತಾಗದೇ ಇರಬಹುದು. ಹಿಂದೆ ಒಬ್ಬರು ಕೂತು, ಗುಂಡಿಗೆ ಇಳಿದಾಗ ತಾಗುತ್ತದೆ.

ಬೀಡ್ ವಿಷಯ ಇನ್ನೂ ಗಂಭೀರ. ಬೀಡ್ ಅಂದರೆ ಟೈರಿನ ಒಳ ಅಂಚು. ಅದು ರಿಮ್ ಮೇಲೆ ಕೂರುವ ಜಾಗದ ಆಕಾರ ಕಾರಿಗೂ ಬೈಕಿಗೂ ಒಂದೇ ಅಲ್ಲ. ಅದಕ್ಕೇ ಬೈಕ್ ಟೈರುಗಳ ಮೇಲೆ ಅಳತೆಯ ಪಕ್ಕದಲ್ಲಿ ಎಂ/ಸಿ ಅಂತ ಅಚ್ಚು ಹಾಕಿರುವುದನ್ನು ನೋಡುತ್ತೀರಿ. ಇದು ಮೋಟಾರ್‌ಸೈಕಲ್ ರಿಮ್ಮಿನ ಟೈರ್, ಕಾರಿನದ್ದಲ್ಲ ಅಂತ ಅದರ ಅರ್ಥ. ನಮ್ಮ ದೇಶದ ಮಾನಕಗಳೂ ಬೇರೆ ಬೇರೆ: ದ್ವಿಚಕ್ರ, ತ್ರಿಚಕ್ರ ವಾಹನಗಳ ಟೈರಿಗೆ ಐಎಸ್ 15627, ಕಾರ್ ಟೈರಿಗೆ ಐಎಸ್ 15633. ಹೊಂದದ ರಿಮ್ಮಿಗೆ ಬೀಡ್ ಕೂರಿಸಲು ಪಂಚರ್ ಅಂಗಡಿ ಹುಡುಗ ಮಿತಿ ಮೀರಿ ಗಾಳಿ ತುಂಬಬೇಕಾಗುತ್ತದೆ. ಬೀಡ್ ಹರಿದು ಟೈರ್ ಸಿಡಿದರೆ ಕೈ, ಮುಖ ಹೋಗುವುದು ಆ ಹುಡುಗನದ್ದು, ನಿಮ್ಮದಲ್ಲ. ನನ್ನ ಅಂಗಡಿಯಲ್ಲಿ ಇದನ್ನು ಮಾಡಿಕೊಡದೇ ಇರಲು ಇದೊಂದೇ ಕಾರಣ ಸಾಕು.

ಇನ್ನು ಓಡಿಸುವ ಮಾತು. ಕಾರು ತಿರುಗುವಾಗ ನೆಟ್ಟಗೇ ಇರುತ್ತದೆ, ಬೈಕು ವಾಲುತ್ತದೆ. ಹಾಗಾಗಿ ಕಾರ್ ಟೈರಿನ ಮೈ ಚಪ್ಪಟೆ, ಬೈಕ್ ಟೈರಿನ ಮೈ ಗುಂಡು. ಬೈಕ್ ವಾಲಿದ ಹಾಗೆ ಟೈರಿನ ನಡುಭಾಗ ಮೇಲೆದ್ದು, ಪಕ್ಕದ ರಬ್ಬರ್ ರಸ್ತೆಗೆ ಸಿಗುತ್ತಾ ಹೋಗುತ್ತದೆ. ಆ ಬದಲಾವಣೆ ನಯವಾಗಿ ಆಗುತ್ತದೆ. ಜೊತೆಗೆ, ವಾಲಿದ ಗುಂಡು ಟೈರ್ ತಾನಾಗಿಯೇ ವಾಲಿದ ಕಡೆಗೆ ಗಾಡಿಯನ್ನು ಎಳೆಯುತ್ತದೆ. ಬೈಕು ಅಷ್ಟು ಸಲೀಸಾಗಿ ತಿರುಗುವುದರಲ್ಲಿ ಇದರ ಪಾಲು ದೊಡ್ಡದು. ಚಪ್ಪಟೆ ಟೈರ್ ವಾಲುವುದಕ್ಕೇ ಒಪ್ಪುವುದಿಲ್ಲ. ಹಿಟ್ಟಿನ ಡಬ್ಬಿಯನ್ನು ಓರೆ ಮಾಡಿ ನೋಡಿ, ಕೈ ಬಿಟ್ಟ ಕೂಡಲೇ ವಾಪಸ್ ನೆಟ್ಟಗೆ ಕೂರುತ್ತದೆ. ಹ್ಯಾಂಡಲ್ ಮೇಲೆ ಬಲ ಹಾಕಿ ವಾಲಿಸಬೇಕು, ತಿರುವು ಮುಗಿಯುವ ತನಕ ಹಾಗೇ ಹಿಡಿದಿರಬೇಕು.

ಅಮೆರಿಕದವರು ಹೇಗೆ ಓಡಿಸುತ್ತಾರೆ ಹಾಗಾದರೆ? ನ್ಯಾಯವಾದ ಪ್ರಶ್ನೆ. ಅಲ್ಲಿ ಕೆಲವರು ನಿಜಕ್ಕೂ ಓಡಿಸುತ್ತಾರೆ. ಅದಕ್ಕೆ ಡಾರ್ಕ್‌ಸೈಡ್ ಅಂತ ಅಡ್ಡಹೆಸರೂ ಇದೆ. ಆದರೆ ಅವರ ಗಾಡಿ ನೋಡಿ. ಹೆಚ್ಚಿನವರದ್ದು ಹೋಂಡಾ ಗೋಲ್ಡ್‌ವಿಂಗ್ ಥರದ್ದು. 2001ರಲ್ಲಿ ಬಂದ 1800 ಸಿಸಿ ಗೋಲ್ಡ್‌ವಿಂಗ್‌ನ ಹಿಂದಿನ ಟೈರ್ ಮೊದಲೇ 180 ಮಿ.ಮೀ. ಅಗಲ, ರಿಮ್ ಕೂಡ ಅದಕ್ಕೆ ತಕ್ಕ ಹಾಗೆ ದೊಡ್ಡದು. ಪೆಟ್ರೋಲ್ ತುಂಬಿದರೆ ಗಾಡಿ 400 ಕೆ.ಜಿ. ದಾಟುತ್ತದೆ. ಮೇಲೆ ಇಬ್ಬರು, ಜೊತೆಗೆ ಸಾಮಾನು. ಅಷ್ಟು ಭಾರಕ್ಕೆ ಕಾರ್ ಟೈರಿನ ಸೈಡ್‌ವಾಲ್ ಬಾಗಿ, ವಾಲಿದಾಗಲೂ ಒಂದಿಷ್ಟು ರಬ್ಬರ್ ರಸ್ತೆಗೆ ತಾಗುತ್ತದೆ. ನಮ್ಮ ಅವೆಂಜರ್ ಸುಮಾರು 160 ಕೆ.ಜಿ. 175/65 ಆರ್ 15 ಟೈರಿನ ಮೇಲೆ ಸಾಮಾನ್ಯವಾಗಿ 84 ಅಂತ ಇರುತ್ತದೆ. ಅಂದರೆ ಒಂದೇ ಟೈರ್ 500 ಕೆ.ಜಿ. ಹೊರಬಲ್ಲದು. ಅವೆಂಜರ್‌ನ ಸ್ವಂತ ಟೈರಿನ ಮೇಲೆ 66ಪಿ ಅಂತ ಇರುತ್ತದೆ, 300 ಕೆ.ಜಿ. ತನಕ. ಹಗುರ ಗಾಡಿಯ ಕೆಳಗೆ ಆ ಗಟ್ಟಿ ಟೈರ್ ಬಾಗುವುದೇ ಇಲ್ಲ. ವಾಲಿಸಿದರೆ ಅಂಚಿನ ಮೇಲೆ ನಿಲ್ಲುತ್ತದೆ.

ಅವರಿಗೆ ಸಿಗುವ ಉಳಿತಾಯವೂ ನಮಗಿಲ್ಲ. ಅಲ್ಲಿ ಗೋಲ್ಡ್‌ವಿಂಗ್ ಟೈರ್ ದುಬಾರಿ, ಬೇಗ ಸವೆಯುತ್ತದೆ. ಇಲ್ಲಿ ಹೊಸ 130/90-15 ಟೈರ್ ಹೊಸ ಕಾರ್ ಟೈರಿಗಿಂತ ಅಗ್ಗ. ಉಳಿದದ್ದು ಹಳೆ ಟೈರಿನ ದಾರಿ ಮಾತ್ರ, ಅದು ಇನ್ನೂ ಕೆಟ್ಟದ್ದು. ಸೈಡ್‌ವಾಲ್ ಮೇಲೆ ನಾಲ್ಕು ಅಂಕಿ ಇರುತ್ತವೆ ನೋಡಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿನಲ್ಲಿ ಅಷ್ಟು ವರ್ಷ ಒಣಗಿದ ರಬ್ಬರ್ ಗಟ್ಟಿಯಾಗಿರುತ್ತದೆ. ಗ್ರಿಪ್ ಕಣ್ಣಿಗೆ ಚೆನ್ನಾಗಿ ಕಂಡರೂ ರಸ್ತೆ ಹಿಡಿಯುವುದಿಲ್ಲ.

"ನಮ್ಮ ರೋಡೆಲ್ಲಾ ಸೀದಾ, ವಾಲಿಸೋದೆಲ್ಲಿ?" ಅಂತ ಕೆಲವರು ವಾದಿಸುತ್ತಾರೆ. ಸಿರುಗುಪ್ಪ ರಸ್ತೆ ಸೀದಾ ಇದೆ, ಒಪ್ಪುತ್ತೇನೆ. ಆದರೆ ಸುಗ್ಗಿ ಕಾಲದಲ್ಲಿ ಕಾರಟಗಿ, ಸಿಂಧನೂರು ಕಡೆ ಹೋಗಿ. ಅರ್ಧ ರಸ್ತೆಗೆ ಭತ್ತ ಒಣಗಲು ಹಾಕಿರುತ್ತಾರೆ. ಸಂಜೆ ಹೊತ್ತು ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರಾಲಿ ಹೋಗುತ್ತಿರುತ್ತದೆ. ತೋರಣಗಲ್ಲಿನಿಂದ ಸಂಡೂರಿಗೆ ಹೋಗುವಾಗ ಅದಿರು ಲಾರಿಗಳ ಕೆಂಪು ಧೂಳು, ಅದರ ಮೇಲೆ ಮೊದಲ ಮಳೆ ಬಿದ್ದರೆ ರಾಡಿ. ಇಂಥ ಕಡೆ ಏನಾದರೂ ಅಡ್ಡ ಬಂದರೆ ನಿಮ್ಮ ಕೈಯಲ್ಲಿರುವುದು ಅರ್ಧ ಕ್ಷಣ. ಹ್ಯಾಂಡಲ್ ಒತ್ತಿದ ಕೂಡಲೇ ಬೈಕ್ ವಾಲಬೇಕು, ಪಕ್ಕಕ್ಕೆ ಸರಿಯಬೇಕು. ಆ ಅರ್ಧ ಕ್ಷಣದಲ್ಲಿ ಟೈರ್ ನಿಮ್ಮ ಜೊತೆ ಜಗಳಕ್ಕೆ ನಿಲ್ಲಬಾರದು. ನನಗೆ ಈ ವಿಷಯದಲ್ಲಿ ರಾಜಿಯೇ ಇಲ್ಲ.

ಸೈಡ್‌ಕಾರ್ ಜೋಡಿಸಿದ ಬೈಕು ವಾಲುವುದಿಲ್ಲ. ಅಂಥವಕ್ಕೆ ಸರಿಯಾದ ರಿಮ್ ಮಾಡಿಸಿ ಕಾರ್ ಟೈರ್ ಹಾಕುವುದುಂಟು. ಅದು ಬೇರೆ ಲೆಕ್ಕ.

ಟೈರ್ ಜಾಸ್ತಿ ದಿನ ಬಾಳಬೇಕು ಅನ್ನುವುದು ನಿಮ್ಮ ಆಸೆಯಾದರೆ, ಗಾಳಿಯಿಂದ ಶುರು ಮಾಡಿ. ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ಟೈರಿನ ಬಿಸಿ ಸುಮಾರು 6 ಡಿಗ್ರಿ ಏರಿದರೆ ಒತ್ತಡ 1 ಪಿಎಸ್‌ಐ ಏರುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ, ಓಡಿಸಿ ಬಂದು ನೋಡಿದರೆ 5 ಪಿಎಸ್‌ಐ ಜಾಸ್ತಿ ತೋರಿಸುವುದು ಸಹಜ. "ಬೇಸಿಗೆ, ಸಿಡಿಯುತ್ತದೆ" ಅಂತ ಹೆದರಿ ಆಗ ಗಾಳಿ ಬಿಡಿಸುತ್ತಾರೆ. ಮರುದಿನ ಬೆಳಿಗ್ಗೆ ಟೈರ್ ಮೆತ್ತಗಾಗಿರುತ್ತದೆ. ಮೆತ್ತಗಿನ ಟೈರ್ ಓಡುವಾಗ ಜಾಸ್ತಿ ಬಾಗುತ್ತದೆ, ಜಾಸ್ತಿ ಕಾಯುತ್ತದೆ, ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ಸಿಡಿಯುವುದಕ್ಕೂ ಹೆಚ್ಚಾಗಿ ಕಾರಣ ಕಮ್ಮಿ ಗಾಳಿಯೇ. ಜೊತೆಗೆ ಚೈನ್ ಬಿಗಿ ಮಾಡಿಸುವಾಗ ಹಿಂದಿನ ಚಕ್ರ ಮುಂದಿನದರ ನೇರಕ್ಕೇ ಇದೆಯಾ ಅಂತ ನೋಡಿಸಿ. ಓರೆಯಾಗಿದ್ದರೆ ಟೈರ್ ಒಂದೇ ಪಕ್ಕ ತಿನ್ನುತ್ತದೆ.

ಕಾರ್ ಟೈರ್ ಹಾಕಿರುವ ಸೆಕೆಂಡ್ ಹ್ಯಾಂಡ್ ಗಾಡಿ ಈಗಾಗಲೇ ತಗೊಂಡಿದ್ದರೆ ಮೊದಲು ಅದನ್ನು ಬಿಚ್ಚಿಸಿ. ಸ್ವಿಂಗ್ ಆರ್ಮ್ ಒಳಗೆ ಉಜ್ಜಿದ ಗುರುತಿದೆಯಾ, ರಿಮ್ ಅಂಚು ಬಾಗಿದೆಯಾ, ಕಡ್ಡಿ ಸಡಿಲವಾಗಿವೆಯಾ ಅಂತ ನೋಡಿಸಿ. ರಿಮ್ ಅಂಚು ಬಾಗಿದ್ದರೆ ಬಡಿದು ನೆಟ್ಟಗೆ ಮಾಡಿಸಬೇಡಿ, ಹೊಸದೇ ಹಾಕಿಸಿ. ಆಮೇಲೆ 130/90-15 ಹಾಕಿಸಿದಾಗ ಮೊದಲ ನೂರು ಕಿಲೋಮೀಟರ್ ನಿಧಾನಕ್ಕೆ ಓಡಿಸಿ. ಹೊಸ ರಬ್ಬರ್ ಜಾರುತ್ತದೆ. ಅದೂ ಅಲ್ಲದೆ, ಚಪ್ಪಟೆ ಟೈರಿಗೆ ಹ್ಯಾಂಡಲ್ ಒತ್ತಿ ಒತ್ತಿ ಅಭ್ಯಾಸವಾದ ಕೈಗೆ ಈ ಗಾಡಿ ಅಂದುಕೊಂಡದ್ದಕ್ಕಿಂತ ಬೇಗ ವಾಲುತ್ತದೆ.