ಸಿಲಿಂಡರಿನೊಳಗಿನ ಖಾಲಿ ಜಾಗ

ಅಡುಗೆ ಅನಿಲದ ಬಾಟ್ಲಿಂಗ್ ಘಟಕಗಳಲ್ಲಿ ಕೆಲಸ ಮಾಡುವವರಿಗೆ ಆಗಾಗ ಎದುರಾಗುವ ದೂರೊಂದಿದೆ: ಹೊಸ ಸಿಲಿಂಡರನ್ನು ಅಲುಗಾಡಿಸಿದರೆ ಒಳಗೆ ಕುಲುಕಿದ ಸದ್ದು ಬರುತ್ತದೆ, ಆದ್ದರಿಂದ ಅದನ್ನು ಪೂರ್ತಿ ತುಂಬಿಲ್ಲ ಎಂಬುದು. ದೂರುವವರು ಗಮನಿಸಿದ್ದು ಸರಿಯಾಗಿಯೇ ಇದೆ. ಮನೆಬಳಕೆಯ ಸಿಲಿಂಡರಿನಲ್ಲಿ 33.3 ಲೀಟರ್ ನೀರು ಹಿಡಿಯುತ್ತದೆ. ನಾವು ತುಂಬುವ 14.2 ಕಿಲೋ ದ್ರವ (ಒತ್ತಡದಲ್ಲಿ ದ್ರವವಾಗಿಸಿದ ಅನಿಲ) ಅದರ ಐದರಲ್ಲಿ ಸುಮಾರು ನಾಲ್ಕು ಭಾಗವನ್ನಷ್ಟೇ ಆಕ್ರಮಿಸುತ್ತದೆ. ಉಳಿದ ಒಂದು ಭಾಗವನ್ನು ಬೇಕೆಂದೇ ಬಿಟ್ಟಿರುತ್ತೇವೆ. ಆ ಜಾಗದ ಬೆಲೆ ಏನೆಂಬುದು ನನಗೆ ಪುಸ್ತಕದಿಂದ ತಿಳಿದಿತ್ತಾದರೂ, ಮನಸ್ಸಿಗೆ ನಾಟಿದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ಏಪ್ರಿಲ್ ಮಧ್ಯಾಹ್ನ.

ಆಗ ನಾನು ಕಲ್ಯಾಣ ಕರ್ನಾಟಕದ ಒಂದು ಘಟಕದಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಟ್ಯಾಂಕರಿನಿಂದ ಅನಿಲ ಇಳಿಸುವ ಕೆಲಸ ಮುಗಿದ ಮೇಲೆ, ಸುರಕ್ಷತೆಗೆ ಒಳ್ಳೆಯದೆಂದು ಭಾವಿಸಿ, ಲಿಕ್ವಿಡ್ ಲೈನಿನ, ಅಂದರೆ ದ್ರವ ಹರಿಯುವ ಕೊಳವೆಯ, ಎರಡೂ ತುದಿಯ ವಾಲ್ವುಗಳನ್ನು ಮುಚ್ಚಿಸಿದೆ. ನಡುವಿನ ಕೊಳವೆಯಲ್ಲಿ ದ್ರವ ತುಂಬಿಕೊಂಡೇ ಇತ್ತು. ಹೊತ್ತು ಏರಿ ಬಿಸಿಲು ಕೊಳವೆಯ ಮೇಲೆ ಬೀಳತೊಡಗಿದ ಸ್ವಲ್ಪ ಹೊತ್ತಿನಲ್ಲೇ, ಅದರ ಮೇಲಿದ್ದ ಥರ್ಮಲ್ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆಯುವ ವಾಲ್ವ್) ಚೀರುತ್ತಾ ತೆರೆದುಕೊಂಡು ಅನಿಲವನ್ನು ಹೊರಗೆ ಬಿಟ್ಟಿತು. ಅಲಾರಾಂ ಮೊಳಗಿತು. ನಾವೆಲ್ಲ ಓಡಿ ಬರುವಷ್ಟರಲ್ಲಿ ಹಿರಿಯ ಆಪರೇಟರ್ ಒಬ್ಬರು ಸಂಗ್ರಹ ಟ್ಯಾಂಕಿನ ಕಡೆಯ ವಾಲ್ವನ್ನು ನಿಧಾನವಾಗಿ ತೆರೆದಿದ್ದರು, ಸದ್ದು ಅಡಗಿತು. ಅವರು ನನಗೆ ಹೇಳಿದ್ದು ಇಷ್ಟೇ: "ಎರಡೂ ಬಾಯಿ ಕಟ್ಟಿದ್ರ ಒಳಗಿಂದು ಎಲ್ಲಿಗೆ ಹೋಗ್ಬೇಕ್ರೀ ಸಾಹೇಬ್ರ?"

ಆ ಪ್ರಶ್ನೆಗೆ ಉತ್ತರವಿರುವುದು ಅಣುಗಳ ಚಲನೆಯಲ್ಲಿ. ಕೊಳವೆಯ ಉಕ್ಕು ಘನವಸ್ತು. ಅದರ ಪರಮಾಣುಗಳು ತಮ್ಮ ನೆಲೆಯನ್ನು ಬಿಡದೆ ನಿಂತಲ್ಲೇ ಕಂಪಿಸುತ್ತಿರುತ್ತವೆ. ಕಾಯಿಸಿದಾಗ ಕಂಪನ ಹಿಗ್ಗುತ್ತದೆ, ಮತ್ತು ಎರಡು ಪರಮಾಣುಗಳನ್ನು ಹತ್ತಿರಕ್ಕೆ ಒತ್ತುವುದು ದೂರಕ್ಕೆ ಎಳೆಯುವುದಕ್ಕಿಂತ ಕಷ್ಟವಾದ್ದರಿಂದ, ಅವುಗಳ ನಡುವಿನ ಸರಾಸರಿ ಅಂತರ ಕೂದಲೆಳೆಯ ಎಷ್ಟೋ ಸಣ್ಣ ಪಾಲಿನಷ್ಟು ಹೆಚ್ಚುತ್ತದೆ. ನೂರು ಮೀಟರ್ ಉದ್ದದ ಉಕ್ಕಿನ ಕೊಳವೆ 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 36 ಮಿಲಿಮೀಟರ್ ಉದ್ದವಾಗುತ್ತದೆ. ಘಟಕದ ಕೊಳವೆಗಳು ನೇರವಾಗಿ ಹೋಗುವ ಬದಲು ಅಲ್ಲಲ್ಲಿ ಬಾಗಿ ಮತ್ತೆ ದಾರಿಗೆ ಮರಳುವುದು ಈ ಹಿಗ್ಗುವಿಕೆಗೆ ಎಡೆ ಕೊಡಲೆಂದೇ.

ದ್ರವದ ಅಣುಗಳಿಗೆ ನಿಗದಿಯಾದ ನೆಲೆಯಿಲ್ಲ. ಜಾತ್ರೆಯ ಜನಸಂದಣಿಯಂತೆ ಒಂದಕ್ಕೊಂದು ತಾಗಿಕೊಂಡೇ ಜರುಗುತ್ತಿರುತ್ತವೆ. ಶಾಖ ಸಿಕ್ಕಿದಾಗ ಈ ಜರುಗಾಟ ಬಿರುಸಾಗಿ, ಪ್ರತಿಯೊಂದೂ ತನ್ನ ಸುತ್ತ ಇನ್ನಷ್ಟು ಜಾಗ ಬೇಡುತ್ತದೆ. ಅವುಗಳನ್ನು ಕಟ್ಟಿಹಾಕುವ ಸೆಳೆತ ಉಕ್ಕಿನಲ್ಲಿರುವುದಕ್ಕಿಂತ ಬಹಳ ದುರ್ಬಲವಾದ್ದರಿಂದ ಹಿಗ್ಗುವಿಕೆಯೂ ಹತ್ತಾರು ಪಟ್ಟು ಹೆಚ್ಚು. ತುಂಬಿದ ಸಿಲಿಂಡರ್ 15 ಡಿಗ್ರಿಯಿಂದ 55 ಡಿಗ್ರಿಗೆ ಏರಿದರೆ ಉಕ್ಕಿನ ಒಳಜಾಗ ಹೆಚ್ಚುವುದು ಅರ್ಧ ಲೋಟದಷ್ಟೂ ಇಲ್ಲ, ಒಳಗಿನ ದ್ರವವಾದರೋ ಸುಮಾರು ಮೂರು ಲೀಟರ್ ಹಿಗ್ಗುತ್ತದೆ. ಮೇಲೆ ಖಾಲಿ ಜಾಗವಿದ್ದರೆ ದ್ರವ ಅಲ್ಲಿಗೆ ಏರುತ್ತದೆ, ಅಷ್ಟೇ. ಇಲ್ಲದಿದ್ದರೆ, ಆಗಲೇ ತಾಗಿಕೊಂಡಿರುವ ಅಣುಗಳನ್ನು ಇನ್ನೂ ಒತ್ತಲು ಎಡೆಯೇ ಇಲ್ಲವಾದ್ದರಿಂದ, ಏರುವ ಒಂದೊಂದು ಡಿಗ್ರಿಗೂ ಒತ್ತಡ ಹಲವಾರು ಬಾರ್‌ಗಳಷ್ಟು ಜಿಗಿಯುತ್ತದೆ. (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ.) ನಾನು ಮುಚ್ಚಿಸಿದ ಕೊಳವೆಯಲ್ಲಿ ಆದದ್ದು ಇದೇ. ಆ ಪುಟ್ಟ ವಾಲ್ವ್ ಇರದಿದ್ದರೆ ಕೊಳವೆಯ ಜೋಡಣೆಯಲ್ಲಿ ಸೋರದಂತೆ ಇಡುವ ಗ್ಯಾಸ್ಕೆಟ್ ಆದರೂ ಸೀಳುತ್ತಿತ್ತು, ಇಲ್ಲವೇ ಕೊಳವೆಯೇ ಬಾಯಿಬಿಡುತ್ತಿತ್ತು.

ಆವಿಯ ವಿಷಯಕ್ಕೆ ಬಂದರೆ, ಕೆಲವು ವರ್ಷಗಳ ನಂತರ ತರಬೇತಿಗೆ ಬಂದಿದ್ದ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಬೇರೆ ಯಾರೂ ಕೇಳಿಲ್ಲ. ಅನಿಲದ ಅಣುಗಳು ಒಂದರ ಹಂಗಿಲ್ಲದೆ ಇನ್ನೊಂದು ಹಾರಾಡುತ್ತವೆ. ಕೋಣೆಯ ಉಷ್ಣತೆಯಲ್ಲಿ, ಅಡುಗೆ ಅನಿಲದಲ್ಲಿರುವ ಪ್ರೋಪೇನ್‌ನ ಅಣುವಿನ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಅವು ಗೋಡೆಗೆ ಬಡಿಯುವುದೇ ಒತ್ತಡ. ಅವುಗಳ ಸರಾಸರಿ ಚಲನಶಕ್ತಿ ಕೆಲ್ವಿನ್ ಮಾನದ (ಪರಮ ಶೂನ್ಯದಿಂದ ಎಣಿಸುವ) ಉಷ್ಣತೆಗೆ ಅನುಗುಣವಾಗಿ ಏರುತ್ತದೆ. ಇಷ್ಟನ್ನು ನಾನು ವಿವರಿಸಿದ್ದೆ. ಆಕೆ ಲೆಕ್ಕ ಹಾಕಿ ಕೇಳಿದಳು: "ಸರ್, 27 ಡಿಗ್ರಿ ಅಂದರೆ 300 ಕೆಲ್ವಿನ್, 47 ಡಿಗ್ರಿ ಅಂದರೆ 320. ಶಕ್ತಿ ಏರಿದ್ದು ಹದಿನೈದರಲ್ಲಿ ಒಂದು ಪಾಲು ಮಾತ್ರ. ಆದರೆ ಈ ಪಟ್ಟಿಯಲ್ಲಿ ಪ್ರೋಪೇನ್ ಒತ್ತಡ ಸುಮಾರು 10 ಬಾರ್‌ನಿಂದ 16ಕ್ಕೆ ಏರಿದೆಯಲ್ಲ, ಯಾಕೆ?"

ಉತ್ತರವನ್ನು ಮರುದಿನ ಕೊಟ್ಟೆ. ಸಿಲಿಂಡರಿನ ಖಾಲಿ ಜಾಗದಲ್ಲಿರುವ ಆವಿ ಒಂಟಿಯಾಗಿಲ್ಲ, ಕೆಳಗೆ ದ್ರವವಿದೆ. ದ್ರವದ ಸೆಳೆತವನ್ನು ಹರಿದುಕೊಂಡು ಮೇಲೆದ್ದು ಹೋಗಬಲ್ಲವು ಅತಿ ವೇಗದ ಕೆಲವೇ ಅಣುಗಳು. ತರಗತಿಯ ಸರಾಸರಿ ಅಂಕ ಸ್ವಲ್ಪವೇ ಏರಿದರೂ ತೊಂಬತ್ತು ದಾಟಿದವರ ಸಂಖ್ಯೆ ಬಹಳ ಏರುವಂತೆ, ಉಷ್ಣತೆ ತುಸು ಹೆಚ್ಚಿದರೂ ಹೀಗೆ ಪಾರಾಗಬಲ್ಲ ಅಣುಗಳು ಬಹಳ ಹೆಚ್ಚುತ್ತವೆ. ಅಂದರೆ ಗೋಡೆಗೆ ಬಡಿಯುವ ಅಣುಗಳ ವೇಗಕ್ಕಿಂತ ಹೆಚ್ಚಾಗಿ ಅವುಗಳ ಸಂಖ್ಯೆಯೇ ಏರಿರುತ್ತದೆ. ಹೋಟೆಲ್ ಅಡುಗೆಮನೆಯಲ್ಲಿ ಅನಿಲವನ್ನು ಬಿರುಸಾಗಿ ಎಳೆದಾಗ ಸಿಲಿಂಡರಿನ ಹೊರಮೈಯಲ್ಲಿ ಹಿಮ ಕಟ್ಟುವುದೂ ಇದರ ಇನ್ನೊಂದು ಮುಖವೇ: ವೇಗದವು ಎದ್ದು ಹೋದಂತೆ ಹಿಂದುಳಿದ ದ್ರವದ ಸರಾಸರಿ ಶಕ್ತಿ ಇಳಿದು ಅದು ತಣ್ಣಗಾಗುತ್ತದೆ. ಆಗ ಕೆಲವರು ಸಿಲಿಂಡರನ್ನು ಬಿಸಿನೀರಿನಲ್ಲಿ ನಿಲ್ಲಿಸುತ್ತಾರೆ, ಇನ್ನು ಕೆಲವರು ಉರಿಯ ಪಕ್ಕಕ್ಕೆ ಸರಿಸುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಒಳಗಿನ ಒತ್ತಡ ಎಲ್ಲಿಗೆ ಏರುತ್ತಿದೆ ಎಂಬುದು ಹೊರಗೆ ನಿಂತವರಿಗೆ ಕಾಣುವುದಿಲ್ಲ.

ಹೀಗಿದ್ದರೂ ಆವಿಯ ಜಾಗವಿರುವವರೆಗೆ ಒತ್ತಡ ಒಂದು ಡಿಗ್ರಿಗೆ ಒಂದು ಬಾರ್‌ನ ಸಣ್ಣ ಪಾಲಿನಷ್ಟು ಮಾತ್ರ ಏರುತ್ತದೆ, ಮತ್ತು ಸಿಲಿಂಡರನ್ನು ಅದನ್ನು ತಾಳುವಂತೆಯೇ ಮಾಡಿರುತ್ತಾರೆ. ದ್ರವವೇ ಅಂಚಿನವರೆಗೆ ತುಂಬಿಕೊಂಡಾಗ ಆ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಈ ಕಾರಣಕ್ಕೇ ನಾವು ಲೀಟರಿನ ಅಳತೆಯಲ್ಲಿ ತುಂಬದೆ ತೂಕದಿಂದ ತುಂಬುತ್ತೇವೆ: ಬಿಸಿಲು ಹೆಚ್ಚಿದರೂ ಚಳಿ ಹೆಚ್ಚಿದರೂ ಲೀಟರ್ ಬದಲಾಗುತ್ತದೆ, 14.2 ಕಿಲೋ ಬದಲಾಗುವುದಿಲ್ಲ. ತುಂಬಿದ ಮೇಲೆ ಮತ್ತೊಮ್ಮೆ ತೂಗಿ, ಹೆಚ್ಚು ತೂಗಿದ್ದನ್ನೂ ಕಡಿಮೆ ತೂಗಿದ್ದರಂತೆಯೇ ಸಾಲಿನಿಂದ ಹೊರಗೆ ತೆಗೆಯುತ್ತೇವೆ. ಇವೆರಡರಲ್ಲಿ ನನಗೆ ಹೆಚ್ಚು ಭಯವಿರುವುದು ಹೆಚ್ಚು ತೂಗಿದ್ದರ ಬಗ್ಗೆ.

ಆ ಏಪ್ರಿಲ್‌ನ ನಂತರ ನಾನು ಶಿಫ್ಟ್ ಪುಸ್ತಕದಲ್ಲಿ ಒಂದು ಸಾಲು ಸೇರಿಸಿಕೊಂಡೆ: ದ್ರವ ತುಂಬಿದ ಯಾವ ಲೈನು ಎರಡೂ ಕಡೆ ಮುಚ್ಚಿದೆ, ಅದರ ರಿಲೀಫ್ ವಾಲ್ವಿನ ಕೆಳಗಿನ ಐಸೊಲೇಶನ್ ವಾಲ್ವ್ (ಅದಕ್ಕೆ ಹೋಗುವ ದಾರಿಯನ್ನು ಮುಚ್ಚಬಲ್ಲ ವಾಲ್ವ್) ತೆರೆದಿದೆಯೇ. ಶಿಫ್ಟ್ ಒಪ್ಪಿಸುವಾಗ ಈ ಸಾಲನ್ನು ಓದಿ ಹೇಳಿ, ಮುಂದಿನವರ ಸಹಿ ಪಡೆದ ಮೇಲೆಯೇ ಗೇಟು ದಾಟುತ್ತೇನೆ.