ಪ್ರಸಂಗ ಮುಗಿದ ಮೇಲೆ

ಇವತ್ತು ಚರ್ಚಿನ ಆರಾಧನೆಯಲ್ಲಿ ಪ್ರಸಂಗ ಬೈಬಲಿನ ಗಲಾತ್ಯ 3:28ರ ಮೇಲೆ. ಯೆಹೂದ್ಯ, ಗ್ರೀಕ, ಆಳು, ಒಡೆಯ ಯಾವ ಭೇದವೂ ಇಲ್ಲ, ಕ್ರಿಸ್ತನಲ್ಲಿ ಎಲ್ಲರೂ ಒಂದೇ. ಆಚೆ ಬಂದು ಕಾಫಿ ಹಿಡಿದು ನಿಂತರೆ ಒಬ್ಬ ಆಂಟಿ ಮಗಳ ಮದುವೆ ಮಾತು ತೆಗೆದರು: "ಹುಡುಗ ಕ್ರಿಶ್ಚಿಯನ್ ಆದ್ರೆ ಸಾಲ್ದು ಕಣಮ್ಮಾ, ನಮ್ ಪೈಕಿನೇ ಆಗ್ಬೇಕು." ಸುತ್ತಲಿದ್ದವರೆಲ್ಲ ಹೌದೌದು ಅಂದರು. (ಕಾಫಿ ಮಾತ್ರ ಸೊಗಸಾಗಿತ್ತು.)

ಇದೇ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ (ಪಾಸ್ಟರ್‌ಗಳನ್ನು ತಯಾರು ಮಾಡೋ ಸೆಮಿನರಿ) 1981ರಲ್ಲೇ ದೇವತಾಶಾಸ್ತ್ರಜ್ಞ ಅರವಿಂದ ನಿರ್ಮಲ್ ಜಾತಿಯ ಪ್ರಶ್ನೆ ಎತ್ತಿದ್ದರು. ಕ್ರೈಸ್ತ ನಂಬಿಕೆಯನ್ನು ದಲಿತರ ಅನುಭವದಿಂದ ನೋಡುವ ದಲಿತ ದೇವತಾಶಾಸ್ತ್ರ ಬೆಳೆದದ್ದು ಆಮೇಲೆ. ಕ್ರೈಸ್ತರಾದ ದಲಿತರಿಗೆ 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಮೀಸಲಾತಿಯೂ ಇಲ್ಲ. ಸರ್ಕಾರಿ ಕಾಗದದಲ್ಲಿ ಅಳಿಸಿಹೋದ ಜಾತಿ ಚರ್ಚ್ ಕಾಂಪೌಂಡಿನಲ್ಲಿ ಭದ್ರವಾಗಿದೆ! ಸೆಮಿನರಿ ಪರೀಕ್ಷೆಗೆ ಬರೋ ವಿಷಯ ಪುಲ್ಪಿಟ್‌ಗೆ ಯಾಕೆ ಬರಲ್ಲ? ಮದುವೆಗೆ ಮುಂಚಿನ ಕೌನ್ಸೆಲಿಂಗ್‌ನಲ್ಲಾದರೂ ಪಾಸ್ಟರ್ ಜಾತಿ ಬಗ್ಗೆ ಒಂದು ಮಾತು ಕೇಳಬಹುದಪ್ಪ.